ಮೊನ್ನೆ ಏನು ಮುಟ್ಟಿದಿರಿ?

ಕೈಯಲ್ಲಿ ತುರಿಕೆ ಎದ್ದು, ಚರ್ಮ ಕೆಂಪಗಾಗಿ, ಬೆರಳ ಸಂದಿಯಲ್ಲಿ ನೀರುಗುಳ್ಳೆ ಕಾಣಿಸಿಕೊಂಡ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ 'ನಿನ್ನೆ ಏನು ತಿಂದೆ?' ಎಂಬುದು. ಬಂಗುಡೆ ತಿಂದಿದ್ದರೆ ಬಂಗುಡೆ, ಸಿಗಡಿ ತಿಂದಿದ್ದರೆ ಸಿಗಡಿ. ಎರಡೂ ಅಲ್ಲವಾದರೆ ಬದನೆ, ಹಲಸು, ಒಣಮೀನು ಇವುಗಳಲ್ಲಿ ಯಾವುದಾದರೂ ಒಂದು ಅಪರಾಧಿಯ ಸ್ಥಾನದಲ್ಲಿ ನಿಲ್ಲಲೇಬೇಕು. 'ನಂಜು' ಎಂಬ ಒಂದೇ ಮಾತಿನಲ್ಲಿ ತೀರ್ಪು ಮುಗಿಯುತ್ತದೆ. ಅಂದಿನಿಂದ ಪಥ್ಯ ಆರಂಭ. ಮೀನು ಇಲ್ಲ, ಮೊಟ್ಟೆ ಇಲ್ಲ, ಕೆಲವು ಮನೆಗಳಲ್ಲಿ ಬೇಳೆಯೂ ಇಲ್ಲ. ತಪಸ್ಸು ಕಾಲದಲ್ಲಿ ನಾವು ನಲವತ್ತು ದಿನ ಮಾಂಸ ಬಿಡುತ್ತೇವೆ. ಆದರೆ ಕೈ ತುರಿಸುವ ಬಡ ತಾಯಿ ವರ್ಷವಿಡೀ ಉಪವಾಸ ಮಾಡುತ್ತಾಳೆ, ಅದೂ ಯಾವ ಪಾಪಕ್ಕೂ ಅಲ್ಲ.

ಗೇರುಬೀಜದ ಕಾಲದಲ್ಲಿ ಮನೆ ಭೇಟಿಗೆ ಹೋದಾಗ ಈ ಮಾತು ಹೆಚ್ಚಾಗಿ ಕೇಳಿಬರುತ್ತದೆ. "ಫಾದರ್, ಮೀನು ಬಿಟ್ಟು ಮೂರು ತಿಂಗಳಾಯಿತು, ಆದರೂ ಕೈ ಗುಣವಾಗಲಿಲ್ಲ" ಎಂದು ಒಬ್ಬ ಬಾಯಿ ಹೇಳುತ್ತಿದ್ದಾಗ ಅವರ ಮಡಿಲಲ್ಲಿ ಎಳೆ ಗೇರುಬೀಜದ ರಾಶಿ ಇತ್ತು. ಒಂದೊಂದನ್ನೇ ಕತ್ತಿಯಿಂದ ಸೀಳಿ, ಬೆರಳಿನಿಂದ ತಿರುಳು ತೆಗೆದು ತಟ್ಟೆಗೆ ಹಾಕುತ್ತಿದ್ದರು. ಬೆರಳ ತುದಿಗಳು ಕಪ್ಪಾಗಿ, ಸಿಪ್ಪೆ ಸುಲಿದು, ಅಲ್ಲಲ್ಲಿ ಬಿರುಕು ಬಿಟ್ಟಿದ್ದವು. ಅಡುಗೆಮನೆಯಿಂದ ಹೊರಗೆ ಹಾಕಿದ್ದ ಬಂಗುಡೆ ನಿರಪರಾಧಿ. ಅಪರಾಧಿ ಮಡಿಲಲ್ಲೇ ಇದ್ದಾನೆ. ಇಂಥವರಿಗಾಗಿಯೇ ಈ ಬಾರಿಯ ಅಂಕಣ.

ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಸೆಲ್ಸಸ್ ಎಂಬ ಲೇಖಕನು ಉರಿಯೂತಕ್ಕೆ ನಾಲ್ಕು ಲಕ್ಷಣಗಳನ್ನು ಬರೆದಿಟ್ಟಿದ್ದಾನೆ: ರೂಬೋರ್, ತೂಮೋರ್, ಕಾಲೋರ್, ದೋಲೋರ್. ಕೆಂಪು, ಬಾವು, ಬಿಸಿ, ನೋವು. ಸೆಮಿನರಿಯಲ್ಲಿ ಲತೀನ್ ಕಲಿತದ್ದರ ಲಾಭ ಇಂಥ ಕಡೆ ಬರುತ್ತದೆ! ಎರಡು ಸಾವಿರ ವರ್ಷಗಳ ಅನಂತರವೂ ವೈದ್ಯರು ಇವನ್ನೇ ಹೇಳುತ್ತಾರೆ. ಏನೋ ಒಂದು ವಸ್ತು ಚರ್ಮವನ್ನು ಕೆಣಕಿದಾಗ ಶರೀರವು ಆ ಜಾಗಕ್ಕೆ ಹೆಚ್ಚು ರಕ್ತ ಕಳುಹಿಸುತ್ತದೆ. ಅದರಿಂದ ಕೆಂಪು, ಅದರಿಂದಲೇ ಬಿಸಿ. ರಕ್ತನಾಳಗಳು ಸಡಿಲಗೊಂಡು ನೀರಿನಂಶ ಹೊರಗೆ ಜಿನುಗುತ್ತದೆ. ಅದರಿಂದ ಬಾವು ಮತ್ತು ಗುಳ್ಳೆ. ಅಂದರೆ ಉರಿಯೂತವು ತಾನೇ ಒಂದು ಶತ್ರುವಲ್ಲ. ಶತ್ರು ಬಂದಿದ್ದಾನೆ ಎಂದು ಕೂಗುವ ಕಾವಲುಗಾರ. ಕಾವಲುಗಾರನ ಬಾಯಿ ಮುಚ್ಚಿಸಿ ಕಳ್ಳನನ್ನು ಮನೆಯಲ್ಲೇ ಇಟ್ಟುಕೊಂಡರೆ ಏನು ಪ್ರಯೋಜನ?

ಚರ್ಮದ ಹೊರಪದರವನ್ನು ನಮ್ಮ ಹೆಂಚಿನ ಮಾಡಿಗೆ ಹೋಲಿಸಬಹುದು. ಒಣಗಿದ ಜೀವಕೋಶಗಳು ಹೆಂಚಿನಂತೆ ಒಂದರ ಮೇಲೊಂದು ಕುಳಿತಿವೆ. ಅವುಗಳ ನಡುವೆ ಎಣ್ಣೆಯಂಥ ಕೊಬ್ಬು ತುಂಬಿದೆ. ಮಾಡು ಗಟ್ಟಿಯಾಗಿರುವ ತನಕ ಹೊರಗಿನದು ಒಳಗೆ ಬಾರದು, ಒಳಗಿನ ತೇವ ಹೊರಗೆ ಹೋಗದು. ದಿನವಿಡೀ ನೀರಿನಲ್ಲಿ ಕೈಯಿಟ್ಟರೆ, ಸೋಡಾ ಹಾಕಿ ಪಾತ್ರೆ ತಿಕ್ಕಿದರೆ, ಸುಣ್ಣ ಅಥವಾ ಸಿಮೆಂಟು ಕಲಸಿದರೆ ಆ ಕೊಬ್ಬು ಕರಗಿ ಹೆಂಚು ಸರಿಯುತ್ತದೆ. ಒಮ್ಮೆ ಮಾಡು ಸೋರತೊಡಗಿದ ಮೇಲೆ ಎಲ್ಲವೂ ಒಳಗೆ ನುಗ್ಗುತ್ತದೆ. ಮೇಲಿನ ಚರ್ಮ ಪೂರ್ತಿ ಹೊಸದಾಗಿ ಬರಲು ಸುಮಾರು ನಾಲ್ಕು ವಾರ ಬೇಕು. ಹೊರಗಿನಿಂದ ನೋಡಿ 'ಗುಣವಾಯಿತು' ಎಂದು ಒಂದೇ ವಾರದಲ್ಲಿ ಮತ್ತೆ ಅದೇ ಕೆಲಸಕ್ಕೆ ಕೈ ಹಾಕುವವರಿಗೆ ರೋಗ ಮರುಕಳಿಸುವುದು ಇದೇ ಕಾರಣದಿಂದ.

ಮುಟ್ಟಿದ್ದರಿಂದ ಬರುವ ಉರಿಯೂತದಲ್ಲಿ ಎರಡು ಬಗೆ. ಒಂದು, ಸುಡುವ ವಸ್ತುವಿನಿಂದ ಬರುವುದು. ಸುಣ್ಣದ ನೀರು ಯಾರ ಮೇಲೆ ಬಿದ್ದರೂ ಸುಡುತ್ತದೆ. ಅದಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ. ಇನ್ನೊಂದು ಅಲರ್ಜಿ. ಇಲ್ಲಿ ಶರೀರವು ಆ ವಸ್ತುವನ್ನು ಮೊದಲು ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಮುಂದೆ ಯಾವಾಗಲೋ ಮತ್ತೆ ಮುಟ್ಟಿದಾಗ ಯುದ್ಧಕ್ಕೆ ಹೊರಡುತ್ತದೆ. 'ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಆಗ ಬಾರದ್ದು ಈಗ ಯಾಕೆ ಬರಬೇಕು?' ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಗುರುತು ಹಿಡಿಯಲು ಕೆಲವರ ಶರೀರಕ್ಕೆ ಹತ್ತು ದಿನ ಸಾಕು, ಕೆಲವರದಕ್ಕೆ ಹಲವು ವರ್ಷ ಬೇಕು.

ಈ ಅಲರ್ಜಿಯ ತಂತ್ರವನ್ನು ಎಲ್ಲರೂ ಚೆನ್ನಾಗಿ ತಿಳಿದಿರಬೇಕು. ಇದು ಮುಟ್ಟಿದ ಕೂಡಲೇ ಕಾಣಿಸುವುದಿಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ದಿನ ತಡೆದು ಏಳುತ್ತದೆ. ಶನಿವಾರ ಗುಡ್ಡೆಯಲ್ಲಿ ಕೆಲಸ ಮಾಡಿದ್ದೀರಿ, ಭಾನುವಾರ ಪೂಜೆ ಮುಗಿಸಿ ಮನೆಯಲ್ಲಿ ಮೀನಿನ ಊಟ ಮಾಡಿದ್ದೀರಿ, ಸೋಮವಾರ ಬೆಳಿಗ್ಗೆ ಕೈ ಊದಿಕೊಂಡಿದೆ. ಮನೆಯವರೆಲ್ಲ ಮೀನಿನತ್ತ ಬೆರಳು ತೋರಿಸುತ್ತಾರೆ, ಶನಿವಾರದ ಗುಡ್ಡೆಯನ್ನು ಯಾರೂ ನೆನೆಯುವುದಿಲ್ಲ. ಆದ್ದರಿಂದ ಪ್ರಶ್ನೆಯನ್ನೇ ಬದಲಿಸಬೇಕು.

ತಿಂದದ್ದರಿಂದ ಚರ್ಮಕ್ಕೆ ಏನೂ ಆಗುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಸಿಗಡಿ, ಏಡಿ ತಿಂದರೆ ಕೆಲವರಿಗೆ ಪಿತ್ತಗಂಧೆ ಏಳುತ್ತದೆ. ಆದರೆ ಅದು ತಿಂದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಒಂದೆರಡು ಗಂಟೆಯೊಳಗೆ ಮೈಯಲ್ಲೆಲ್ಲ ದಡಿಕೆ ದಡಿಕೆಯಾಗಿ ಏಳುತ್ತದೆ, ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಕಾಣಿಸುತ್ತದೆ, ಒಂದು ದಡಿಕೆ ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅದೇ ಜಾಗದಲ್ಲಿ ನಿಲ್ಲುವುದು ಅಪರೂಪ. ಎರಡೂ ಕೈಗಳ ಬೆರಳಿನಲ್ಲಿ ಮಾತ್ರ ತಿಂಗಳುಗಟ್ಟಲೆ ನಿಂತಿರುವ ಬಿರುಕು ಮೀನಿನದಲ್ಲ. ಮೀನು ಹೊಟ್ಟೆಗೆ ಹೋಗಿ ಬಲಗೈಯ ಹೆಬ್ಬೆರಳನ್ನು ಮಾತ್ರ ಹುಡುಕಿಕೊಂಡು ಬರುವುದಿಲ್ಲ.

ಇನ್ನು ನಮ್ಮ ಊರಿನ ಅಪರಾಧಿಗಳನ್ನು ನೋಡೋಣ. ಮೊದಲನೆಯದು ಗೇರು. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬ್ರೆಜಿಲಿನಿಂದ ತಂದ ಈ ಮರ ನಮ್ಮ ಕಾಸರಗೋಡಿನ ಮುರಕಲ್ಲಿನ ಗುಡ್ಡೆಗಳಿಗೆ ಎಷ್ಟು ಹೊಂದಿಕೊಂಡಿದೆ ಎಂದರೆ ಅದು ಪರದೇಶದ್ದೆಂದು ಹೇಳಿದರೆ ಹಿರಿಯರು ನಂಬುವುದಿಲ್ಲ. ಬೀಜದ ಚಿಪ್ಪನ್ನು ಸೀಳಿ ನೋಡಿದರೆ ಎರಡು ಗಟ್ಟಿ ಪದರಗಳ ನಡುವೆ ಜೇನುಗೂಡಿನಂಥ ಭಾಗವಿದೆ. ಅದರಲ್ಲಿ ಕಂದು ಬಣ್ಣದ ಎಣ್ಣೆ ತುಂಬಿದೆ. ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡೋಲ್ ಎಂಬ ಎರಡು ವಸ್ತುಗಳು ಅದರಲ್ಲಿವೆ. ಈ ಎಣ್ಣೆ ಸುಡುತ್ತದೆ, ಜೊತೆಗೆ ಅಲರ್ಜಿಯನ್ನೂ ಹುಟ್ಟಿಸುತ್ತದೆ. ಎರಡು ಕೆಲಸವನ್ನೂ ಒಂದೇ ವಸ್ತು ಮಾಡುತ್ತದೆ! ಕೊಯ್ದ ಬೀಜವನ್ನು ಹೆಕ್ಕಿ ಚೀಲಕ್ಕೆ ತುಂಬುವವರಿಗೆ ತೊಂದರೆ ಕಡಿಮೆ. ತೊಂದರೆ ಆಗುವುದು ಪಲ್ಯಕ್ಕಾಗಿ ಎಳೆ ಬೀಜ ಸೀಳುವ ಹೆಂಗಸರಿಗೆ, ಚಿಪ್ಪು ಒಡೆಯುವ ಕಾರ್ಖಾನೆಯ ಕೆಲಸದವರಿಗೆ, ಅಂಗಳದಲ್ಲಿ ಬೆಂಕಿ ಹಾಕಿ ಬೀಜ ಸುಡುವ ಮಕ್ಕಳಿಗೆ. ಬೆಂಕಿಯಲ್ಲಿ ಬೀಜ ಸಿಡಿದು ಎಣ್ಣೆ ಮುಖಕ್ಕೆ ಹಾರುತ್ತದೆ. ಅರೆಬೆಂದದ್ದನ್ನು ಹಲ್ಲಿನಿಂದ ಒಡೆದ ಹುಡುಗನ ತುಟಿ ಮರುದಿನ ಹಣ್ಣು ಬದನೆಯಂತೆ ಊದಿರುತ್ತದೆ. ಚಿಪ್ಪು ಉರಿಸುವ ಹೊಗೆಯಲ್ಲೂ ಈ ಎಣ್ಣೆಯ ಅಂಶವಿರುವುದರಿಂದ ಒಲೆಯ ಮುಂದೆ ಕುಳಿತವರ ಕಣ್ಣಿನ ರೆಪ್ಪೆ ಊದುವುದುಂಟು. ಬಚ್ಚಲಿನ ಹಂಡೆಯ ಒಲೆಗೆ ಗೇರುಚಿಪ್ಪು ಹಾಕುವವರು ಇದನ್ನು ಗಮನಿಸಿರಿ.

ಎಳೆ ಬೀಜ ಸೀಳುವುದನ್ನು ಬಿಟ್ಟುಬಿಡಿ ಎಂದರೆ ಯಾರೂ ಕೇಳುವುದಿಲ್ಲ. ಆ ಪಲ್ಯದ ರುಚಿ ನನಗೂ ಗೊತ್ತು. ಕೆಲಸಕ್ಕೆ ಮೊದಲು ಕೈಗೆ ತೆಂಗಿನೆಣ್ಣೆ ಚೆನ್ನಾಗಿ ಸವರಿಕೊಳ್ಳಿ, ಸಾಧ್ಯವಾದರೆ ರಬ್ಬರಿನ ಕೈಗವಸು ಹಾಕಿ. ಕೆಲಸ ಮುಗಿದ ಮೇಲೆ ಬರೀ ನೀರಿನಿಂದ ತೊಳೆದರೆ ಗೇರೆಣ್ಣೆ ಹೋಗುವುದಿಲ್ಲ, ಹರಡುತ್ತದೆ ಅಷ್ಟೆ. ಹಳೆ ಬಟ್ಟೆಗೆ ತೆಂಗಿನೆಣ್ಣೆ ಹಾಕಿ ಮೊದಲು ಒರೆಸಿ, ಆ ಬಟ್ಟೆಯನ್ನು ಎಸೆದು, ಅನಂತರ ಸಾಬೂನು ಹಚ್ಚಿ ತುಂಬ ನೀರಿನಲ್ಲಿ ತೊಳೆಯಬೇಕು. ಕತ್ತಿಯ ಹಿಡಿಯನ್ನೂ ಒರೆಸಬೇಕು. ಹಿಡಿಯಲ್ಲಿ ಉಳಿದ ಎಣ್ಣೆ ಮರುದಿನ ಹುಲ್ಲು ಕೊಯ್ಯುವವನ ಕೈಗೆ ಹತ್ತುತ್ತದೆ. ಅವನು ಗೇರುಮರದ ಹತ್ತಿರವೂ ಹೋಗಿರುವುದಿಲ್ಲ, ಪಾಪ.

ಗೇರಿನ ಕುಟುಂಬ ದೊಡ್ಡದು. ಮಾವು ಅದರ ತಮ್ಮ. ತೊಟ್ಟು ಮುರಿದಾಗ ಚಿಮ್ಮುವ ಸೊನೆ ಕೆನ್ನೆಗೆ ತಾಗಿದರೆ ಕಪ್ಪು ಕಲೆಯಾಗಿ ಸುಡುವುದನ್ನು ಎಲ್ಲರೂ ನೋಡಿದ್ದೇವೆ. ಗೇರಿನ ಅಲರ್ಜಿ ಇದ್ದವರಿಗೆ ಮಾವಿನ ಸಿಪ್ಪೆಯೂ ಆಗದಿರಬಹುದು. ಅಂಥವರು ಬೇರೆಯವರಿಂದ ಸಿಪ್ಪೆ ತೆಗೆಸಿ ತಿನ್ನಲಿ. ಅಣ್ಣಂದಿರು ಕರಿಗೇರು ಮತ್ತು ಕಾಡಿನ ಹೊಳೆಗೇರು. ಹಿಂದೆ ಅಗಸರು ಕರಿಗೇರಿನ ರಸದಿಂದ ಬಟ್ಟೆಗೆ ಗುರುತು ಹಾಕುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ ಅಂಗಿಯ ಗುರುತು ತಾಗುವ ಜಾಗದಲ್ಲೇ ಹುಣ್ಣೆದ್ದಾಗ ಅವರ ಸೇನಾ ವೈದ್ಯರು ಕಾರಣ ಹುಡುಕಿ 1943ರಲ್ಲಿ ಪ್ರಕಟಿಸಿದರು. ಒಗೆದು ಒಣಗಿದ ಬಟ್ಟೆಯ ಮೇಲಿನ ಒಂದು ಚುಕ್ಕೆಗೆ ಅಷ್ಟು ಶಕ್ತಿ!

ಹೊಳೆಗೇರಿಗೆ ನಮ್ಮ ಮಲಯಾಳಿ ನೆರೆಯವರು 'ಚೇರು' ಎನ್ನುತ್ತಾರೆ. ಅದರ ಕೆಳಗೆ ಹಾದು ಹೋದರೂ ಮೈ ಸುಡುತ್ತದೆಂದು ಹೆದರುವವರಿದ್ದಾರೆ. ಚೇರು ತಾಗಿದವರು ತಾನ್ನಿ ಮರಕ್ಕೆ, ಅಂದರೆ ನಮ್ಮ ತಾರೆ ಮರಕ್ಕೆ, ಸುತ್ತು ಬಂದರೆ ಗುಣವಾಗುತ್ತದೆಂಬ ಹಳೆಯ ನಂಬಿಕೆಯೂ ಇದೆ. ಮರಕ್ಕೆ ಸುತ್ತು ಬಂದವರಿಗೆ ಎರಡು ಮೂರು ವಾರದಲ್ಲಿ ಗುಣವಾಗುತ್ತದೆ, ಬಾರದವರಿಗೂ ಎರಡು ಮೂರು ವಾರದಲ್ಲೇ ಗುಣವಾಗುತ್ತದೆ. ಕಾಡು ಕಡಿಯಲು ಹೋಗುವವರು ಈ ಮರದ ಗುರುತು ಹಿಡಿಯಲು ಹಿರಿಯರಿಂದ ಕಲಿಯುವುದು ಹೆಚ್ಚು ಉಪಯೋಗ.

ಗಂಡಸರ ವಿಷಯಕ್ಕೆ ಬಂದರೆ ಅಡಿಕೆಗೆ ಮದ್ದು ಬಿಡುವ ಕೆಲಸ. ಮುಂಗಾರು ಹಿಡಿಯುವ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕಬೇಕೆಂದು ನಿಮಗೆ ಗೊತ್ತೇ ಇದೆ. ಹೊಳೆಯುವ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ನೋಡಿ ಕೆಂಪು ತಾಮ್ರ ಕೂತರೆ ಇನ್ನಷ್ಟು ಸುಣ್ಣ ಹಾಕುವ ಪರೀಕ್ಷೆಯನ್ನು ಈಗಿನ ಹುಡುಗರು ಬಿಟ್ಟುಬಿಟ್ಟಿದ್ದಾರೆ. ಹುಳಿ ಉಳಿದ ದ್ರಾವಣ ಅಡಿಕೆಗೂ ಕೆಟ್ಟದ್ದು, ಮದ್ದು ಬಿಡುವವನ ಕುತ್ತಿಗೆಗೂ ಕೆಟ್ಟದ್ದು. ಮರದ ಮೇಲಿಂದ ತೊಟ್ಟಿಕ್ಕುವ ದ್ರಾವಣ ಅಂಗಿಯ ಕಾಲರಿನಲ್ಲಿ, ಸೊಂಟದ ಹತ್ತಿರ ಬಟ್ಟೆ ಬಿಗಿಯುವಲ್ಲಿ ನಿಂತು, ಬೆವರಿನ ಜೊತೆ ಸೇರಿ ಉಜ್ಜಿ ಉಜ್ಜಿ ಚರ್ಮ ಕೆಂಪಾಗುತ್ತದೆ. ತುಂಬು ತೋಳಿನ ಅಂಗಿ, ತಲೆಗೆ ಮುಟ್ಟಾಳೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಮಧ್ಯಾಹ್ನ ಊಟಕ್ಕೆ ಬಂದಾಗ ಮೈ ತೊಳೆದು ಬಟ್ಟೆ ಬದಲಿಸುವುದು. ಸಂಜೆಯವರೆಗೆ ಅದೇ ಒದ್ದೆ ಬಟ್ಟೆಯಲ್ಲಿರುವುದೇ ಹೆಚ್ಚಿನವರ ಕಷ್ಟಕ್ಕೆ ಕಾರಣ.

ಬೇರೆ ಕೀಟನಾಶಕಗಳಲ್ಲಿ ಅಪಾಯ ಇನ್ನೊಂದು ಬಗೆಯದು. ಅನೇಕ ವಿಷಗಳು ಚರ್ಮವನ್ನು ಕೆಂಪು ಮಾಡದೆ, ತುರಿಸದೆ, ಸದ್ದಿಲ್ಲದೆ ಒಳಗೆ ಇಳಿಯುತ್ತವೆ. ನಮ್ಮ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನೂ 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದನ್ನೂ ಈ ಜಿಲ್ಲೆಯವರಿಗೆ ನಾನು ನೆನಪಿಸಬೇಕಾಗಿಲ್ಲ. ಕಾವಲುಗಾರ ಕೂಗಲಿಲ್ಲವೆಂದು ಕಳ್ಳ ಬರಲಿಲ್ಲ ಎನ್ನುವಂತಿಲ್ಲ.

ಮಳೆಗಾಲದ ರಾತ್ರಿಗಳಲ್ಲಿ ಇನ್ನೊಂದು ಕಾಟ. ಇರುವೆಯಂತೆ ಉದ್ದಕ್ಕಿರುವ, ಕಪ್ಪು ಮತ್ತು ಕಿತ್ತಳೆ ಬಣ್ಣದ ಪಟ್ಟೆಯ ಒಂದು ಸಣ್ಣ ಹುಳ ದೀಪಕ್ಕೆ ಬರುತ್ತದೆ. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಕುತ್ತಿಗೆಯ ಮೇಲೆ ಹರಿದಾಗ ನಾವು ಬಡಿದು ಉಜ್ಜುತ್ತೇವಲ್ಲ, ಆಗ ಅದರ ಮೈಯ ರಸ ಚರ್ಮಕ್ಕೆ ಹತ್ತುತ್ತದೆ. ಮರುದಿನ ಬೆತ್ತದಿಂದ ಹೊಡೆದಂತೆ ಕೆಂಪು ಗೆರೆ, ಅದರ ಮೇಲೆ ಗುಳ್ಳೆ. ಜನರು ಇದನ್ನು ಸರ್ಪಸುತ್ತು ಎಂದು ಹೆದರಿ ಕೆಮ್ಮಣ್ಣು ಹಚ್ಚಿಸಲು ಓಡುತ್ತಾರೆ. ಒಂದೆರಡು ವಾರದಲ್ಲಿ ತಾನಾಗಿ ವಾಸಿಯಾಗುವುದರಿಂದ ಕೆಮ್ಮಣ್ಣಿಗೆ ಒಳ್ಳೆಯ ಹೆಸರು ಬರುತ್ತದೆ. ನಿಜವಾದ ಸರ್ಪಸುತ್ತು ಬೇರೆ. ಅದು ಶರೀರದ ಒಂದೇ ಪಾರ್ಶ್ವದಲ್ಲಿ ಬರುತ್ತದೆ, ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಆ ಜಾಗದಲ್ಲಿ ನೋವು ಉರಿ ಇರುತ್ತದೆ. ಅದಕ್ಕೆ ವೈದ್ಯರು ಕೊಡುವ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಆರಂಭವಾದರೆ ಹೆಚ್ಚಿನ ಗುಣ. ಆದ್ದರಿಂದ ಸಂಶಯವಿದ್ದಾಗ ಕೆಮ್ಮಣ್ಣಿನಲ್ಲಿ ಮೂರು ದಿನ ಕಳೆಯಬೇಡಿ, ವಯಸ್ಸಾದವರ ವಿಷಯದಲ್ಲಂತೂ ಬೇಡವೇ ಬೇಡ. ಹುಳವನ್ನು ಕಂಡರೆ ಊದಿ ಹಾರಿಸಿ, ಬಡಿಯಬೇಡಿ. ಬಡಿದಿದ್ದರೆ ಕೂಡಲೇ ಸಾಬೂನಿನಿಂದ ತೊಳೆಯಿರಿ.

ಈಗ ಉರಿಯುವ ಚರ್ಮವನ್ನು ತಣಿಸುವ ಬಗೆ. ಚರ್ಮವೈದ್ಯರ ಹಳೆಯ ಸೂತ್ರ ಬಹಳ ಸರಳ: ಒಸರುತ್ತಿದ್ದರೆ ಒದ್ದೆ, ಒಣಗಿದ್ದರೆ ಎಣ್ಣೆ. ನೀರು ಜಿನುಗುವ, ಕೆಂಪಾಗಿ ಊದಿದ ಚರ್ಮಕ್ಕೆ ಎಣ್ಣೆ, ಮುಲಾಮು ಮೆತ್ತಬೇಡಿ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಒಂದು ಚಹಾ ಚಮಚ ಉಪ್ಪು ಹಾಕಿ, ಒಗೆದ ಹಳೆಯ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ, ಹಿಂಡಿ, ಆ ಜಾಗದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಇಡಿ. ಬಟ್ಟೆ ಬಿಸಿಯಾದಂತೆ ಮತ್ತೆ ಅದ್ದಿ. ದಿನಕ್ಕೆ ಮೂರು ನಾಲ್ಕು ಸಲ. ಎರಡು ಮೂರು ದಿನದಲ್ಲಿ ಒಸರುವುದು ನಿಲ್ಲುತ್ತದೆ. ಆಮೇಲೆ, ಚರ್ಮ ಒಣಗಿ ಬಿರಿಯತೊಡಗಿದಾಗ, ತಾಜಾ ತೆಂಗಿನೆಣ್ಣೆ ಅಥವಾ ಬಿಳಿಯ ವ್ಯಾಸಲೀನು. ಸ್ನಾನ ಮಾಡಿ ಮೈ ಒರೆಸಿದ ಕೂಡಲೇ, ತೇವ ಪೂರ್ತಿ ಆರುವ ಮುಂಚೆ ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ. ರಾತ್ರಿ ಎಣ್ಣೆ ಹಚ್ಚಿ ಹತ್ತಿಯ ಕೈಚೀಲ ಹಾಕಿ ಮಲಗಿದರೆ ಬಿರುಕು ಬೇಗ ಕೂಡುತ್ತದೆ. ಉಗುರು ಕತ್ತರಿಸಿಡಿ, ನಿದ್ರೆಯಲ್ಲಿ ತುರಿಸುವ ಕೈಗೆ ಬುದ್ಧಿ ಹೇಳಲು ಆಗುವುದಿಲ್ಲ.

ಹಂಡೆಯ ಕುದಿ ನೀರನ್ನು ತುರಿಕೆಯ ಮೇಲೆ ಹೊಯ್ದುಕೊಳ್ಳುವುದು ನಮ್ಮವರಿಗೆ ಬಹಳ ಇಷ್ಟ. ಆ ಕ್ಷಣಕ್ಕೆ ಹಿತವೆನಿಸುವುದು ನಿಜ. ಆದರೆ ಬಿಸಿನೀರು ಹೆಂಚಿನ ನಡುವಿನ ಕೊಬ್ಬನ್ನು ಕರಗಿಸುವುದರಿಂದ ಒಂದು ಗಂಟೆಯಲ್ಲಿ ತುರಿಕೆ ಇಮ್ಮಡಿಯಾಗುತ್ತದೆ. ಬೆಳ್ಳುಳ್ಳಿ ಜಜ್ಜಿ ಕಟ್ಟುವುದು, ಲಿಂಬೆ ಹಿಂಡುವುದು, ಸೀಮೆಎಣ್ಣೆ ಸವರುವುದು, ನೀರು ಬೆರೆಸದ ಡೆಟಾಲು ಹಚ್ಚುವುದು, ಟೂತ್‌ಪೇಸ್ಟು ಬಳಿಯುವುದು ಇವೆಲ್ಲ ಸುಟ್ಟ ಮನೆಗೆ ಮತ್ತೆ ಬೆಂಕಿ ಹಚ್ಚಿದಂತೆ. ಬೆಳ್ಳುಳ್ಳಿ ಕಟ್ಟಿದ ಜಾಗದಲ್ಲಿ ಬೆಂಕಿಯಲ್ಲಿ ಸುಟ್ಟಂಥ ಗುಳ್ಳೆ ಎದ್ದು ಆಸ್ಪತ್ರೆಗೆ ಹೋದವರಿದ್ದಾರೆ.

ಇಷ್ಟೆಲ್ಲಕ್ಕಿಂತ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಮೆಡಿಕಲ್ ಅಂಗಡಿಯಿಂದ ಬರುವ ಚಿಕ್ಕ ಟ್ಯೂಬು. ಚೀಟಿ ಇಲ್ಲದೆ, ಬರೀ 'ತುರಿಕೆಗೆ ಕೊಡಿ' ಎಂದು ಕೇಳಿ ತಂದದ್ದು. ಅನೇಕ ಟ್ಯೂಬುಗಳಲ್ಲಿ ಕ್ಲೋಬೆಟಸಾಲ್, ಬೆಟಾಮೆಥಸೋನ್ ಎಂಬ ಬಲವಾದ ಸ್ಟೀರಾಯ್ಡನ್ನು ಹುಳುಕಡ್ಡಿಯ ಔಷಧ ಮತ್ತು ಆಂಟಿಬಯಾಟಿಕ್ ಜೊತೆ ಬೆರೆಸಿರುತ್ತಾರೆ. ಹಚ್ಚಿದ ಎರಡೇ ದಿನದಲ್ಲಿ ಕೆಂಪು ಇಳಿದು ತುರಿಕೆ ನಿಲ್ಲುತ್ತದೆ. ಕಾವಲುಗಾರ ಮಲಗಿದ, ಅಷ್ಟೆ. ರೋಗ ಹುಳುಕಡ್ಡಿಯಾಗಿದ್ದರೆ ಆ ಮರೆಯಲ್ಲಿ ಬೂಷ್ಟು ನಿರಾತಂಕವಾಗಿ ಹಬ್ಬಿ, ತೊಡೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಬೆನ್ನಿಗೆ ಹೋಗುತ್ತದೆ, ಮನೆಯವರಿಗೆಲ್ಲ ಅಂಟುತ್ತದೆ. ಕೊನೆಗೆ ವೈದ್ಯರಿಗೂ ಗುರುತು ಹಿಡಿಯಲು ಕಷ್ಟವಾಗುವಷ್ಟು ರೂಪ ಬದಲಿಸಿರುತ್ತದೆ. ಮುಖಕ್ಕೆ ಬೆಳ್ಳಗಾಗಲೆಂದು ಇದನ್ನೇ ಹಚ್ಚುವ ಹುಡುಗಿಯರಿದ್ದಾರೆ. ತಿಂಗಳುಗಳ ಮೇಲೆ ಚರ್ಮ ಕಾಗದದಂತೆ ತೆಳುವಾಗಿ, ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ, ಟ್ಯೂಬು ನಿಲ್ಲಿಸಿದರೆ ಇನ್ನೂ ಉರಿಯುತ್ತದೆ. 2018ರಲ್ಲಿ ಕೇಂದ್ರ ಸರಕಾರವು ಹದಿನಾಲ್ಕು ಬಗೆಯ ಸ್ಟೀರಾಯ್ಡು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ನಿಯಮ ಕಾಗದದಲ್ಲಿದೆ, ಕೇಳುವವರು ಕೇಳುವುದನ್ನು ನಿಲ್ಲಿಸಿದರೆ ಮಾತ್ರ ಕೊಡುವವರು ಕೊಡುವುದನ್ನು ನಿಲ್ಲಿಸುತ್ತಾರೆ.

ಹಾಗೆಂದು ಸ್ಟೀರಾಯ್ಡು ವಿಷವಲ್ಲ. ಗೇರೆಣ್ಣೆಯ ಅಲರ್ಜಿಯಿಂದ ಊದಿದ ಕೈಗೆ ವೈದ್ಯರು ನೋಡಿ ಬರೆದುಕೊಟ್ಟರೆ ಅದು ಒಳ್ಳೆಯ ಔಷಧ. ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದದ ಮುಲಾಮು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಎಷ್ಟು ದಿನ ಎಂದು ಕೇಳಿ ತಿಳಿದುಕೊಳ್ಳಿ, ಉಳಿದ ಟ್ಯೂಬನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ, ಪಕ್ಕದ ಮನೆಯವರಿಗೆ ದಾನ ಮಾಡಲೂ ಬೇಡಿ.

ಎಲ್ಲ ತುರಿಕೆಯೂ ಮುಟ್ಟಿದ್ದರಿಂದ ಬಂದದ್ದಲ್ಲ. ರಾತ್ರಿ ಹೆಚ್ಚುವ, ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಬಂದಿರುವ, ಬೆರಳ ಸಂದಿ ಮಣಿಕಟ್ಟು ಸೊಂಟದ ಸುತ್ತ ಇರುವ ತುರಿಕೆ ಸಾಮಾನ್ಯವಾಗಿ ಕಜ್ಜಿ. ಅದಕ್ಕೆ ವೈದ್ಯರು ಕೊಡುವ ಔಷಧವನ್ನು ಮನೆಯ ಎಲ್ಲರೂ ಒಂದೇ ರಾತ್ರಿ ಹಚ್ಚಬೇಕು, ತುರಿಕೆ ಇಲ್ಲದವರೂ ಸಹ. ಇಲ್ಲದಿದ್ದರೆ ಒಬ್ಬರಿಂದೊಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಗೇರೆಣ್ಣೆಯ ಅಲರ್ಜಿ ಹಾಗಲ್ಲ, ಅದು ಯಾರಿಗೂ ಅಂಟದು. ಅಂಥವರ ಕೈಯಿಂದ ಊಟ ಮಾಡಲು ಹಿಂಜರಿಯುವುದು ಅನ್ಯಾಯ. ಇನ್ನು ತುರಿಸದೆ, ನೋಯದೆ, ಮುಟ್ಟಿದರೆ ಸ್ಪರ್ಶವೇ ತಿಳಿಯದ ಮಾಸಲು ಮಚ್ಚೆ ಇದ್ದರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಕುಷ್ಠರೋಗದ ಚಿಕಿತ್ಸೆ ಅಲ್ಲಿ ಉಚಿತ, ಆರು ತಿಂಗಳು ಅಥವಾ ಒಂದು ವರ್ಷದ ಮಾತ್ರೆಯಿಂದ ಪೂರ್ತಿ ಗುಣವಾಗುತ್ತದೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಮದ್ದು ಕೊಡಲು ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯ ಕಟ್ಟಿಸಿದಾಗ ಇಂಥ ಮಾತ್ರೆ ಇರಲಿಲ್ಲ. ಈಗ ಇದೆ, ಬಚ್ಚಿಡಲು ಕಾರಣವಿಲ್ಲ.

ಜ್ವರ ಬಂದರೆ, ಕೀವು ಕಂಡರೆ, ಕೆಂಪು ಗೆರೆ ಕೈಯ ಮೇಲಕ್ಕೆ ಏರತೊಡಗಿದರೆ, ಕಣ್ಣು ಮುಚ್ಚುವಷ್ಟು ಮುಖ ಊದಿದರೆ ಅಂದೇ ಹೋಗಬೇಕು. ಉಸಿರಾಟಕ್ಕೆ ತೊಂದರೆಯಾದರೆ ಆ ಕ್ಷಣವೇ. ಸಕ್ಕರೆ ಕಾಯಿಲೆಯವರು ಕಾಲಿನ ಬಿರುಕನ್ನು ಚಿಕ್ಕದೆಂದು ಬಿಡಬಾರದು. ಎರಡು ವಾರ ಕಳೆದೂ ಮಾಯದ ಉರಿಯೂತವನ್ನು ಚರ್ಮರೋಗ ತಜ್ಞರಿಗೆ ತೋರಿಸಿ. ದೊಡ್ಡ ಆಸ್ಪತ್ರೆಗಳಲ್ಲಿ ಬೆನ್ನಿನ ಮೇಲೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು, ಮತ್ತೆ ಎರಡು ದಿನದ ಮೇಲೆ ನೋಡಿ ಯಾವ ವಸ್ತು ಆಗದೆಂದು ತಿಳಿಸುವ ಪರೀಕ್ಷೆ ಇದೆ. ಹೋಗುವಾಗ ಆ ವಾರ ಮಾಡಿದ ಕೆಲಸಗಳನ್ನು ದಿನದ ಲೆಕ್ಕದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಯಾವ ದಿನ ಗೇರು ಸೀಳಿದ್ದು, ಯಾವ ದಿನ ಮದ್ದು ಬಿಟ್ಟದ್ದು, ಯಾವ ಹೊಸ ಸಾಬೂನು ತಂದದ್ದು. ಈವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿ ವೈದ್ಯರ ಮೇಜಿನ ಮೇಲೆ ಇಡಿ.